ಹುಲಿಗೆಮ್ಮನ ನೆರಳುಗಂಟೆ

ಅಮ್ಮಿನಹಾಳ, ಮಾತಿನಮನೆ
ಇಸವಿ ೨೧೯೪, ಮೊದಲ ಬೇಸಿಗೆಯ ನಲವತ್ತೊಂದನೆಯ ದಿನ

ಮಾನ್ಯ ಹಿರಿಯರೆ,

ಮೇಲೆ ಬರೆದ ತೇದಿಯನ್ನು ನೋಡಿ ಇದು ಯಾರದೋ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ನಡುವೆ ಮಳೆ ಬರುವ ಎಪ್ಪತ್ತು ದಿನಗಳನ್ನು ಬಿಟ್ಟರೆ ಉಳಿದದ್ದನ್ನು ಹೀಗೆಯೇ ಎಣಿಸುತ್ತೇವೆ; ನಿಮ್ಮ ತಿಂಗಳುಗಳ ಹೆಸರು ನಮ್ಮ ಮಕ್ಕಳಿಗೆ ಹಾಡಿನಲ್ಲಿ ಮಾತ್ರ ಗೊತ್ತು. ನಿಮ್ಮನ್ನು ಹಿರಿಯರೆ ಎಂದು ಕರೆದಿದ್ದೇನೆ. ಇದನ್ನು ಓದುವವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇರಬಹುದು. ಆದರೆ ನನಗಿಂತ ನೂರು ವರ್ಷಕ್ಕೂ ಮೊದಲು ಹುಟ್ಟಿದವಳನ್ನು ಇನ್ನೇನೆಂದು ಕರೆಯಲಿ? ನನ್ನ ಕನ್ನಡ ಅಲ್ಲಲ್ಲಿ ತೊಡಕೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ನಿಮ್ಮ ಅರ್ಜಿಗಳಿಂದ, ಪುರಸಭೆಯ ನಡಾವಳಿ ಪುಸ್ತಕಗಳಿಂದ ಮತ್ತು ಅಳಿಯದೆ ಉಳಿದಿರುವ ಕೆಲವು ಧ್ವನಿಗಳಿಂದ. ಹಾಗಾಗಿ ಅದು ಒಮ್ಮೆ ಸರಕಾರಿ ಕಾಗದದಂತೆ, ಒಮ್ಮೆ ಸಂತೆಯ ಮಾತಿನಂತೆ ಕೇಳಿಸೀತು.

ನಾನು ಈ ಊರಿನ ನೆನಪುಗಾರ್ತಿ. ಇದೊಂದು ನೌಕರಿ. ಊರಿಗೆ ಸಂಬಂಧಿಸಿದ ಹಳೆಯ ಧ್ವನಿಗಳನ್ನೂ ಕಾಗದಗಳನ್ನೂ ಇಡುವ ಕಟ್ಟಡಕ್ಕೆ ನಾವು ಮಾತಿನಮನೆ ಎನ್ನುತ್ತೇವೆ. ದಿನವೂ ಕುಳಿತು ಆ ಧ್ವನಿಗಳನ್ನು ಕೇಳುವುದು, ಮಾತಾಡುತ್ತಿರುವವರು ಯಾರು, ಯಾವ ವರ್ಷ, ಯಾವ ಸಂಗತಿ ಎಂದು ಗುರುತಿಸಿ ಬರೆದಿಡುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಮಾಡಿದೆ. ಈಗ ಕಿವಿ ಮಂದವಾಗಿದೆ. ಬರುವ ವಾರ ಬೇರೊಬ್ಬಳು ನನ್ನ ಜಾಗಕ್ಕೆ ಬರುತ್ತಾಳೆ. ಕೆಲಸ ಬಿಡುವ ನೆನಪುಗಾರ್ತಿ ತನಗಿಂತ ಹಿಂದಿನವರಿಗೆ ಒಂದು ಕಾಗದ ಬರೆದಿಡಬೇಕೆಂಬುದು ಇಲ್ಲಿನ ಪದ್ಧತಿ. ಅದಕ್ಕೆ ಹಿಂಬರಹ ಎಂದು ಹೆಸರು. ಹಿಂದಕ್ಕೆ ಕಾಗದ ಒಯ್ಯುವ ಅಂಚೆ ನಮ್ಮಲ್ಲೂ ಇಲ್ಲ. ಬರೆದು, ಮಡಚಿ, ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕುತ್ತೇವೆ, ಅಷ್ಟೇ. ನನಗಿಂತ ಮೊದಲಿದ್ದವಳು ಮಾವಿನಹಣ್ಣಿನ ರುಚಿ ಹೇಗಿರುತ್ತಿತ್ತೆಂದು ಕೇಳಿ ಎಂಟು ಪುಟ ಬರೆದಿದ್ದಳಂತೆ. ನಾನು ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ಆಕೆ ನಿಮ್ಮ ನಡುವೆಯೇ ಇದ್ದಾಳೆ, ಹತ್ತು ವರ್ಷದ ಆಸುಪಾಸಿನವಳು. ಹೆಸರು ಹುಲಿಗೆಮ್ಮ ಬಂಡಿ. ಮುಂದೆ ಆಕೆ ದೊಡ್ಡ ಅಧಿಕಾರಗಳಲ್ಲಿದ್ದವಳಾದರೂ ನಾವು ಯಾರೂ ಬಹುವಚನ ಹಚ್ಚುವುದಿಲ್ಲ. ಮನೆಯವಳಂತೆ ಏಕವಚನದಲ್ಲೇ ಕರೆಯುತ್ತೇವೆ. ಇದನ್ನು ಅಗೌರವವೆಂದು ತಿಳಿಯಬಾರದು.

ಆಕೆ ಏನು ಮಾಡಿದಳೆಂದು ತಿಳಿಯಲು ಮೊದಲು ನಮ್ಮ ದಿನ ಹೇಗೆ ಸಾಗುತ್ತದೆಂದು ಹೇಳಬೇಕು. ಬೆಳಗಿನ ನಾಲ್ಕೂವರೆಗೆ ಊರು ಏಳುತ್ತದೆ. ಐದಕ್ಕೆ ಶಾಲೆ, ಹೊಲ, ರಸ್ತೆ ಕೆಲಸ ಎಲ್ಲವೂ ಶುರು. ಹತ್ತೂವರೆಗೆ ಪುರಸಭೆಯ ಗಂಟೆ ಬಾರಿಸಿದೊಡನೆ ಜನ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಒಳಗೆ ಹೋಗುತ್ತಾರೆ. ಅಲ್ಲಿಂದ ನಾಲ್ಕೂವರೆಯವರೆಗೆ ನೆರಳುಗಂಟೆ. ಆ ಹೊತ್ತಿನಲ್ಲಿ ಯಾರನ್ನೂ ಬಯಲಿನಲ್ಲಿ ದುಡಿಸುವಂತಿಲ್ಲ, ಮತ್ತು ಆ ಹೊತ್ತೂ ದುಡಿಮೆಯ ಹೊತ್ತೇ ಎಂದು ಕಾನೂನು. ಮನೆ ದೂರವಿದ್ದವರಿಗೆ ಪ್ರತಿ ಬೀದಿಯಲ್ಲೂ ನೆರಳುಮನೆಗಳಿವೆ: ದಪ್ಪ ಗೋಡೆ, ಎತ್ತರದ ಮಾಡು, ತಣ್ಣನೆಯ ಕಲ್ಲಿನ ನೆಲ, ಮೂಲೆಯಲ್ಲಿ ನೀರು ತುಂಬಿದ ಮಣ್ಣಿನ ಹರವಿಗಳು. ಅಲ್ಲಿ ನವಣೆ ಗಂಜಿ ಕುಡಿಯುತ್ತೇವೆ, ಮಲಗುತ್ತೇವೆ, ಚೌಕಾಬಾರ ಆಡುತ್ತೇವೆ, ಜಗಳವಾಡುತ್ತೇವೆ. ನನ್ನ ಮದುವೆಯ ಮಾತುಕತೆ ಮುಗಿದದ್ದೂ ನೆರಳುಮನೆಯಲ್ಲೇ. ನಮ್ಮ ರಸ್ತೆಗಳು ಬಿಳಿ. ಮೇಲೆ ಹತ್ತಿಯ ಚಪ್ಪರ. ನಿಮ್ಮ ಕರಿ ರಸ್ತೆಗಳ ಚಿತ್ರ ತೋರಿಸಿದರೆ, ಇಷ್ಟು ಬಿಸಿಲಿನ ಸೀಮೆಯಲ್ಲಿ ನೆಲಕ್ಕೆ ಕಪ್ಪು ಬಳಿಯುವ ಯೋಚನೆ ಯಾರಿಗೆ ಬಂತು ಎಂದು ಮಕ್ಕಳು ಕೇಳುತ್ತಾರೆ. ನನಗೂ ಕೇಳಬೇಕೆನಿಸುತ್ತದೆ. ಮಧ್ಯಾಹ್ನ ಎರಡಕ್ಕೆ ಕಾದ ಡಾಂಬರಿನ ಮಗ್ಗುಲಲ್ಲಿ ಹೆಂಗಸರು ಜಲ್ಲಿ ಹರಡುತ್ತಿದ್ದರಂತೆ, ಪಕ್ಕದಲ್ಲೇ ಗಾಜು ಏರಿಸಿದ ಕಾರುಗಳು ಹಾದುಹೋಗುತ್ತಿದ್ದುವಂತೆ. ನಿಜವೆ? ಕಾರಿನೊಳಗಿಂದ ಅವರು ನಿಮಗೆ ಕಾಣಿಸುತ್ತಿದ್ದರೇ? ಆಕ್ಷೇಪಿಸಲು ಕೇಳುತ್ತಿಲ್ಲ. ಕಾಗದಗಳಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಹುಲಿಗೆಮ್ಮನದು ಕಲ್ಲು ಒಡೆಯುವ, ರಸ್ತೆ ಹಾಕುವ ಭೋವಿ ಮನೆತನ. ತಾಯಿ ದುರುಗವ್ವ ಡಾಂಬರು ಹಾಕುವ ಗ್ಯಾಂಗಿನಲ್ಲಿ ಜಲ್ಲಿ ಬುಟ್ಟಿ ಹೊರುತ್ತಿದ್ದಳು. ತಂದೆ ಬೇಗ ತೀರಿಕೊಂಡಿದ್ದ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ, ೨೦೩೨ರ ಮೇ ತಿಂಗಳಲ್ಲಿ, ಹುಲಿಗೆಮ್ಮನೂ ತಾಯಿಯ ಜೊತೆ ಕೆಲಸಕ್ಕೆ ಹೋಗುತ್ತಿದ್ದಳು. ಅಮ್ಮಿನಹಾಳದಿಂದ ಹೆದ್ದಾರಿಗೆ ಕೂಡುವ ಮೂರು ಕಿಲೋಮೀಟರಿನ ರಸ್ತೆ ಅದು. ಆ ದಿನದ ಸಂಗತಿಯನ್ನು ಆಕೆ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಹೇಳಿದ್ದಾಳೆ. ಒಬ್ಬ ಶಾಲಾ ಅಧ್ಯಾಪಕಿ ಏಳು ಮಧ್ಯಾಹ್ನಗಳ ಕಾಲ ಎದುರು ಕುಳಿತು ಆಕೆಯ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದಳು. ಆ ಧ್ವನಿಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಹೇಳಲಾರೆ.

"ನಮ್ಮವ್ವ ಬುಟ್ಟಿ ಇಳಿಸಿ ನಿಂತ್ಲು. ಮುಖ ಒಣಗಿತ್ತು. ಅಲ್ಲೀತನಕ ಬೆವರು ಹರೀತಿತ್ತು, ಒಮ್ಮಿಗೇ ನಿಂತ್‌ಬಿಡ್ತು. ಬೆವರು ನಿಂತೈತಿ, ಮೈ ತಂಪಾಗೈತಿ ಅಂತ ನಾ ತಿಳಕೊಂಡೆ. ಹದಿನಾರು ವರ್ಷದಾಕಿ, ನನಗೇನು ತಿಳೀತೈತಿ. ಒಂದೀಟು ಕುಂದ್ರಬೇ ಅಂದೆ. ಮೇಸ್ತ್ರಿ ನೋಡಾಕತ್ಯಾನ, ಈ ಸಾಲು ಮುಗಸ್ತೀನಿ ಅಂದ್ಲು. ಸಾಲು ಮುಗೀಲಿಲ್ಲ."

ಗ್ಯಾಂಗಿನ ಮೇಸ್ತ್ರಿ ಅಲ್ಲಿದ್ದವರಿಗೆ ಹೇಳಿದನಂತೆ: "ಬಿಸಿಲಿಗೆ ಯಾರ್ ಸಾಯ್ತಾರ? ಮೊದಲ ಏನರ ಜಡ್ಡು ಇದ್ದಿರಬೇಕು." ಸಾವಿನ ದಾಖಲೆಯಲ್ಲಿ ಹೃದಯ ನಿಂತು ಸತ್ತಳು ಎಂದು ಬರೆಯಲಾಯಿತು. ಹುಲಿಗೆಮ್ಮ ಮೂರು ದಿನ ಬಿಟ್ಟು ಒಬ್ಬಳೇ ಪುರಸಭೆಗೆ ಹೋಗಿ, ಬಿಸಿಲು ಅಂತ ಬರೀರಿ ಎಂದು ಗುಮಾಸ್ತನನ್ನು ಕೇಳಿದಳು. ಆತ ಕೆಟ್ಟವನೇನಲ್ಲ. ರಿಜಿಸ್ಟರನ್ನು ಅವಳ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದ. "ಹಂಗ ಬರಿಯಾಕ ಇಲ್ಲಿ ಕಾಲಂ ಇಲ್ಲವ್ವ," ಎಂದ.

ಅವಳು ಪಿಯುಸಿಗೆ ಸೇರಿ ಒಂದು ವರ್ಷ ಓದಿ ಬಿಟ್ಟಳು. ತಾಯಿಯ ಬುಟ್ಟಿಯನ್ನೇ ಹೊತ್ತು ಅದೇ ಗ್ಯಾಂಗಿನಲ್ಲಿ ಹನ್ನೆರಡು ವರ್ಷ ದುಡಿದಳು. ರಸ್ತೆ ಕೆಲಸದ ಟಿಪ್ಪರ್ ಓಡಿಸುತ್ತಿದ್ದ ಹನುಮೇಶನನ್ನು ಮದುವೆಯಾದಳು. ಗ್ಯಾಂಗಿನಲ್ಲಿ ಅರ್ಜಿ ಬರೆಯಬಲ್ಲವಳು ಅವಳೊಬ್ಬಳೇ ಆದ್ದರಿಂದ ಹೆಂಗಸರು ಏನಿದ್ದರೂ ಅವಳ ಬಳಿ ಬರುತ್ತಿದ್ದರು. ಅವಳ ಕೈಬರಹದ ನಲವತ್ತಾರು ಅರ್ಜಿಗಳು ಮಾತಿನಮನೆಯಲ್ಲಿವೆ. ಕುಡಿಯುವ ನೀರು, ಕೂಸುಗಳನ್ನು ಮಲಗಿಸಲು ತಗಡಿನ ಮರೆ, ಕಾಲಿಗೆ ಬೂಟು. ಒಂದಕ್ಕೂ ಉತ್ತರ ಬಂದಂತೆ ಕಾಣೆ.

೨೦೪೫ರಲ್ಲಿ ಪುರಸಭೆಯ ಅಧ್ಯಕ್ಷ ಸ್ಥಾನ ಮೀಸಲಾತಿಯ ಸರದಿಯಲ್ಲಿ ಪರಿಶಿಷ್ಟ ಜಾತಿಯ ಹೆಂಗಸಿಗೆ ಬಂತು. ಊರಿನ ಎಲ್ಲ ಕಾಮಗಾರಿಗಳ ಗುತ್ತಿಗೆ ಹಿಡಿಯುತ್ತಿದ್ದವನು ಅಂದಾನಗೌಡ. ಅವನ ಮಾತಿಲ್ಲದೆ ಊರಲ್ಲಿ ನಲ್ಲಿ ತಿರುಗುತ್ತಿರಲಿಲ್ಲ. ತನ್ನ ಟಿಪ್ಪರ್ ಓಡಿಸುವವನ ಹೆಂಡತಿಯೇ ಆದರೆ ಅನುಕೂಲವೆಂದು ಅವನೇ ಹುಲಿಗೆಮ್ಮನನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದ. "ನೀ ಸಹಿ ಮಾಡಿದ್ರ ಸಾಕವ್ವ, ಉಳದದ್ದು ಹನುಮೇಶ ನೋಡ್ಕೊಂತಾನ," ಎಂದು ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದನಂತೆ. ಅವಳು ಹೂಂ ಎಂದಳು. ಯಾಕೆ ಹೂಂ ಎಂದಿರಿ ಎಂದು ಅಧ್ಯಾಪಕಿ ಕೇಳಿದಾಗ ಮುದುಕಿ ನಗುತ್ತಾಳೆ. "ಬ್ಯಾಡ ಅಂದಿದ್ರ ಇನ್ನೊಬ್ಬಾಕಿನ್ನ ಹುಡುಕತಿದ್ದ. ಆಕಿ ಖರೇನ ಬರೇ ಸಹಿ ಮಾಡತಿದ್ಲು."

ಮೊದಲ ಸಭೆಯ ದಿನ ಹುಲಿಗೆಮ್ಮ ಒಳಗೆ ಬಂದಾಗ ಅಧ್ಯಕ್ಷರ ಕುರ್ಚಿಯಲ್ಲಿ ಹನುಮೇಶ ಕುಳಿತಿದ್ದ. ಅದು ಆ ಕಾಲದ ರೂಢಿ ಎಂದು ಓದಿದ್ದೇನೆ. ಗೆದ್ದವಳು ಹೆಂಡತಿ, ಕೂರುವವನು ಗಂಡ. ಅವಳಿಗೆ ಹಿಂದಿನ ಸಾಲಿನಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅವಳು ಅದರಲ್ಲಿ ಕೂರಲಿಲ್ಲ. ಬಾಗಿಲ ಬಳಿ ಮುಕ್ಕಾಲು ತಾಸು ನಿಂತೇ ಇದ್ದಳು. ಸದಸ್ಯರು ಮಾತಾಡುತ್ತ ಮಾತಾಡುತ್ತ ಒಬ್ಬೊಬ್ಬರಾಗಿ ಅವಳ ಕಡೆ ನೋಡತೊಡಗಿ ಕೊನೆಗೆ ಸಭೆ ಸುಮ್ಮನಾಯಿತು. ಆಗ ಅವಳು ಮುಖ್ಯಾಧಿಕಾರಿಯನ್ನು ಕೇಳಿದಳು: "ಸಾಹೇಬ್ರ, ಅಧ್ಯಕ್ಷರು ಅಂತ ಪುಸ್ತಕದಾಗ ಯಾರ ಹೆಸರು ಐತ್ರಿ? ಅಷ್ಟು ಓದ್ರಿ." ಆತ ಓದಿದ. ಹನುಮೇಶ ಎದ್ದ.

ಹನುಮೇಶನ ಧ್ವನಿಯೂ ನಮ್ಮಲ್ಲಿದೆ, ನಾಲ್ಕೇ ನಿಮಿಷ. "ನಾ ಎದ್ದೆ. ಎದ್ದ ಮ್ಯಾಲ ಎಲ್ಲಿ ಕುಂದ್ರಬೇಕು ಅಂತ ಗೊತ್ತಾಗಲಿಲ್ಲ," ಎನ್ನುತ್ತಾನೆ. ಅಂದೇ ಅಣ್ಣನ ಊರಿಗೆ ಹೊರಟುಹೋದವನು ಎರಡು ತಿಂಗಳು ಬರಲಿಲ್ಲ. ಅಂದಾನಗೌಡ ಅವನನ್ನು ಕೆಲಸದಿಂದ ತೆಗೆದ. ಒಂದು ಬೆಳಗ್ಗೆ ಅವನು ತಾನಾಗಿ ಮರಳಿ ಬಂದು ಅವಳ ಸೀರೆಗೆ ಇಸ್ತ್ರಿ ಹಾಕಿಕೊಟ್ಟನಂತೆ. ಆ ಎರಡು ತಿಂಗಳು ಅವನು ಏನು ಯೋಚಿಸಿದ ಎಂಬುದು ನಾನು ತಿಳಿಯಬಯಸಿ ತಿಳಿಯದೆ ಹೋದ ಸಂಗತಿಗಳಲ್ಲೊಂದು.

ಮುಂದಿನ ಬೇಸಿಗೆಯಲ್ಲಿ ಅವಳು ಆದೇಶ ಹೊರಡಿಸಿದಳು. ಮಾರ್ಚಿನಿಂದ ಜೂನಿನವರೆಗೆ, ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ, ಪುರಸಭೆಯ ಯಾವ ಕೆಲಸವೂ ಬಯಲಿನಲ್ಲಿ ನಡೆಯಕೂಡದು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಮೊದಲ ನೆರಳುಗಂಟೆ ಎಂದು ಇದನ್ನೇ ಹೊಗಳುತ್ತಾರೆ. ಆಮೇಲೆ ಏನಾಯಿತೆಂಬುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದದ್ದು ಇಷ್ಟು. ಅಂದಾನಗೌಡ, "ಅಧ್ಯಕ್ಷರು ನೆರಳಿನಲ್ಲಿರಿ ಎಂದಿದ್ದಾರೆ, ಇರಿ," ಎಂದು ಬೆಳಗಿನ ಕೆಲಸವನ್ನೂ ಕೊಡದೆ ಎಲ್ಲ ಆಳುಗಳನ್ನೂ ಮನೆಗೆ ಕಳಿಸಿದ. ರಸ್ತೆ ನಿಂತಿತು, ಚರಂಡಿ ನಿಂತಿತು, ಒಡೆದ ನೀರಿನ ಪೈಪು ಹಾಗೇ ಉಳಿಯಿತು. ಕೂಲಿಯಿಲ್ಲದೆ ಒಲೆ ಹತ್ತಲಿಲ್ಲ. ಒಂಬತ್ತನೆಯ ದಿನ ಗ್ಯಾಂಗಿನ ಹೆಂಗಸರೆಲ್ಲ ಅವಳ ಮನೆಗೆ ಬಂದರು. ಮುಂದೆ ನಿಂತವಳು ಕರೆವ್ವ, ದುರುಗವ್ವನ ಪಕ್ಕದಲ್ಲಿ ಇಪ್ಪತ್ತು ವರ್ಷ ಬುಟ್ಟಿ ಹೊತ್ತವಳು, ಹುಲಿಗೆಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳು.

"ಹುಲಿಗಿ, ನೆರಳು ಉಣ್ಣಾಕ ಬರ್ತೈತೇನು?" ಎಂದು ಕೇಳಿದಳು ಕರೆವ್ವ. "ನಿಮ್ಮವ್ವ ಬಿಸಿಲಿಗೆ ಸತ್ಲು. ನಾವು ನಿನ್ನ ನೆರಳಿಗೆ ಸಾಯಾಕತ್ತೀವಿ."

"ತಪ್ಪಾತು ಚಿಗವ್ವ," ಎಂದಳು ಹುಲಿಗೆಮ್ಮ. "ನಾಳೆ ಹಿಂದಕ್ಕ ತಗೋತೀನಿ."

ಮರುದಿನದ ನಡಾವಳಿಯಲ್ಲಿ, ಅಧ್ಯಕ್ಷರು ತಮ್ಮ ಆದೇಶದಲ್ಲಿ ತಪ್ಪಿತ್ತೆಂದು ಒಪ್ಪಿ ಅದನ್ನು ಹಿಂತೆಗೆದುಕೊಂಡರು ಎಂದಿದೆ. ಇನ್ನೂರು ವರ್ಷಗಳ ನಡಾವಳಿ ಪುಸ್ತಕಗಳನ್ನು ಓದಿದ್ದೇನೆ. ತಪ್ಪಿತ್ತೆಂದು ಒಪ್ಪಿ ಎಂಬ ಮಾತು ಬೇರೆಲ್ಲೂ ಸಿಕ್ಕಿಲ್ಲ.

ಸೋಲು ಅವಳನ್ನು ಸುಮ್ಮನಿರಿಸಲಿಲ್ಲ. ನೆರಳಿನ ಹೊತ್ತಿಗೂ ಕೂಲಿ ಸಿಗದ ಹೊರತು ನೆರಳು ಬಡವರಿಗೆ ದಕ್ಕುವುದಿಲ್ಲ, ಅದಕ್ಕೆ ಊರಿನ ಆದೇಶ ಸಾಲದು, ರಾಜ್ಯದ ಕಾನೂನೇ ಬೇಕು ಎಂದು ಅವಳಿಗೆ ಕರೆವ್ವನಿಂದ ತಿಳಿಯಿತು. ಅಷ್ಟರಲ್ಲಿ ತನ್ನ ಕೈಲಾದ ಎರಡು ಕೆಲಸ ಮಾಡಿದಳು. ಹಾಳುಬಿದ್ದಿದ್ದ ತರಕಾರಿ ಮಾರುಕಟ್ಟೆಯ ಕಟ್ಟಡಕ್ಕೆ ಹಂಚು ಹೊದಿಸಿ, ನೀರಿಡಿಸಿ, ಊಟದ ಹೊತ್ತಿಗೆ ಕೂಲಿಯವರು ಬಂದು ಕೂರಲೆಂದು ತೆರೆದಳು. ಅದೇ ಮೊದಲ ನೆರಳುಮನೆ. ಇನ್ನೊಂದು, ಪುರಸಭೆಯ ಸಾವಿನ ರಿಜಿಸ್ಟರಿನಲ್ಲಿ ಬಿಸಿಲು ಎಂಬ ಕಾಲಂ ಸೇರಿಸಿದಳು. ಅಂದಾನಗೌಡ ಸದಸ್ಯರನ್ನು ಒಟ್ಟುಗೂಡಿಸಿ, ಎರಡು ವರ್ಷ ತುಂಬುವಷ್ಟರಲ್ಲಿ ಅವಿಶ್ವಾಸ ನಿರ್ಣಯ ತಂದು ಅವಳನ್ನು ಇಳಿಸಿದ. ಅವಳು ಮಾರನೆಯ ಬೆಳಗ್ಗೆ ಬುಟ್ಟಿ ಹಿಡಿದು ಗ್ಯಾಂಗಿಗೆ ಹೋದಳು. ದೊಡ್ಡತನಕ್ಕಲ್ಲ, ಬೇರೆ ಕೆಲಸ ಗೊತ್ತಿರಲಿಲ್ಲ ಎನ್ನುತ್ತಾಳೆ. ಹೊಸ ಅಧ್ಯಕ್ಷರು, ಹೆಂಗಸರು ಬಿಟ್ಟುಕೊಡದ ನೆರಳುಮನೆಯೊಂದನ್ನುಳಿದು, ಅವಳು ಮಾಡಿದ್ದನ್ನೆಲ್ಲ ಅಳಿಸಿದರೂ ರಿಜಿಸ್ಟರಿನ ಕಾಲಂ ಯಾರ ಕಣ್ಣಿಗೂ ಬೀಳದೆ ಉಳಿಯಿತು. ಗುಮಾಸ್ತರು ತುಂಬುತ್ತಲೇ ಹೋದರು. ಎಂಟೊಂಬತ್ತು ವರ್ಷಗಳಲ್ಲಿ, ಅಮ್ಮಿನಹಾಳ ಒಂದರಲ್ಲೇ, ಆ ಕಾಲಂನಲ್ಲಿ ನೂರಾನಾಲ್ಕು ಹೆಸರುಗಳು.

೨೦೫೩ರಲ್ಲಿ ನೆರಳುಮನೆಯ ಹೆಂಗಸರು ಅವಳನ್ನು ವಿಧಾನಸಭೆಗೆ ನಿಲ್ಲಿಸಿದರು. ಯಾವ ಪಕ್ಷವೂ ಇಲ್ಲದೆ ಗೆದ್ದಳು. ರಸ್ತೆ ಕೂಲಿಯವಳೊಬ್ಬಳು ಆ ಸದನಕ್ಕೆ ಹೋದದ್ದು ಅದೇ ಮೊದಲು. ನೆರಳುಗಂಟೆಯ ಮಸೂದೆಯನ್ನು ಮಂಡಿಸಿದಳು. ಅದನ್ನು ಪರಿಶೀಲನೆಗೆಂದು ಏಳು ಶಾಸಕರ ಸಮಿತಿಗೆ ಕಳಿಸಿದರು, ಅಂದರೆ ಬದಿಗಿಟ್ಟರು. ಸಮಿತಿಯ ಅಧ್ಯಕ್ಷ ರುದ್ರಸ್ವಾಮಿ ಎಂಬ ಹಿರಿಯರು, ದಕ್ಷಿಣದ ಕಡೆಯವರು, ಸೌಮ್ಯ ಸ್ವಭಾವದವರು. "ನಮ್ಮ ಜನಕ್ಕೆ ಬಿಸಿಲು ಹೊಸದೇನಮ್ಮ? ಹುಟ್ಟಿದಾಗಿಂದ ನೋಡ್ತಿದ್ದಾರೆ," ಎಂದರು. ಹುಲಿಗೆಮ್ಮ ನೂರಾನಾಲ್ಕು ಹೆಸರುಗಳನ್ನು ಅವರ ಮುಂದಿಟ್ಟಳು. ಅವರು ಓದಿ ನಿಟ್ಟುಸಿರುಬಿಟ್ಟು ಕಡತ ಮುಚ್ಚಿದರು. ಆಗ ಅವಳು, "ಹಂಗಾರ ಒಂದು ಮಧ್ಯಾಹ್ನ ನಮ್ಮ ಜೋಡಿ ಕುಂದರ್ರಿ. ಬ್ಯಾರೆ ಏನೂ ಕೇಳೂದಿಲ್ಲ," ಎಂದಳು. ಅವರು ಒಪ್ಪಿದರು.

೨೦೫೬ರ ಮೇ ಹದಿನಾಲ್ಕು, ಮಧ್ಯಾಹ್ನ ಒಂದೂವರೆ. ಅಮ್ಮಿನಹಾಳದ ಹೊರಗೆ ಹೆದ್ದಾರಿ ಅಗಲ ಮಾಡುತ್ತಿದ್ದ ಜಾಗ. ಹೊಸದಾಗಿ ಹಾಸಿದ ಡಾಂಬರಿನ ಪಕ್ಕದಲ್ಲಿ ಕುರ್ಚಿಗಳ ಸಾಲು. ಏಳು ಶಾಸಕರು ಛತ್ರಿ, ಟೋಪಿ, ನೀರಿನ ಬಾಟಲಿಗಳೊಂದಿಗೆ ಬಂದಿದ್ದರು. ಹಿಂದೆ ಕಾರುಗಳು ಒಳಗೆ ತಂಪಿಟ್ಟುಕೊಂಡು ನಿಂತಿದ್ದುವು. ತಾಳಲಾರದವರು ಎದ್ದು ಹೋಗಿ ಕಾರಿನಲ್ಲಿ ಹತ್ತು ನಿಮಿಷ ಕುಳಿತು ಬರುತ್ತಿದ್ದರು. ಹಾಗೆ ಏಳಲಾಗದವಳು ಒಬ್ಬಳಿದ್ದಳು. ಸಮಿತಿಯ ಮಾತುಗಳನ್ನು ಬರೆದುಕೊಳ್ಳುವ ವರದಿಗಾರ್ತಿ, ಪ್ರತೀಕ್ಷಾ ಹಡಪದ, ಇಪ್ಪತ್ತೆಂಟು ವರ್ಷ, ಹುಬ್ಬಳ್ಳಿಯವಳು. ಆ ಹೊತ್ತಿಗೆ ಯಂತ್ರಗಳು ಹೇಳುವ ಮಾತನ್ನು ಯಾರೂ ನಂಬದಂತಾಗಿತ್ತು. ಆದ್ದರಿಂದ ಸದನದ ಕಲಾಪಗಳನ್ನು ಮನುಷ್ಯರೇ ಕೈಯಲ್ಲಿ ಬರೆದು ರುಜು ಹಾಕಬೇಕೆಂಬ ನಿಯಮ ಬಂದಿತ್ತು. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಪೆನ್ನು. ಛತ್ರಿ ಹಿಡಿಯಲು ಅವಳಿಗೆ ಮೂರನೆಯ ಕೈ ಇರಲಿಲ್ಲ. ಅವಳಿಗೊಂದು ಛತ್ರಿ ಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಹುಲಿಗೆಮ್ಮ ಮಾತಾಡುತ್ತಿದ್ದಳು. ತಾಯಿ ಸತ್ತ ಬಗೆಯನ್ನು ಎಳೆಎಳೆಯಾಗಿ ಹೇಳುತ್ತಿದ್ದಳು. ರುದ್ರಸ್ವಾಮಿಯವರು ಕೆಂಪೇರಿದ ಮುಖ ಒರೆಸಿಕೊಳ್ಳುತ್ತ, ಮೊದಲ ಬಾರಿಗೆ, ಕೂಲಿಯವರು ಕೆಲಸ ಮಾಡುತ್ತಿದ್ದ ಕಡೆ ನೋಡುತ್ತಿದ್ದರು. ಅವರ ಮನಸ್ಸು ಸೋಲುತ್ತಿದೆ ಎಂದು ಹುಲಿಗೆಮ್ಮನಿಗೆ ಗೊತ್ತಾಯಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಬರೆಯುತ್ತಿದ್ದ ಹುಡುಗಿಯ ಮುಖ ಕಣ್ಣಿಗೆ ಬಿತ್ತು. ಐದನೆಯ ಮಧ್ಯಾಹ್ನದ ಧ್ವನಿಮುದ್ರಣದಲ್ಲಿ ಆಕೆ ಹೇಳುವುದನ್ನು ಇದ್ದ ಹಾಗೆ ಬರೆಯುತ್ತೇನೆ.

"ಆಕಿ ಮುಖ ಒಣಗಿತ್ತು. ನಾ ಕಂಡೆ. ಕಂಡಿಲ್ಲ ಅಂತ ಮಂದಿ ಮುಂದ ಹೇಳಬಹುದು, ಖರೇ ಅಂದ್ರ ಕಂಡೆ. ನನಗ ಗೊತ್ತಿತ್ತು ಅದು ಏನು ಅಂತ. ಇನ್ನೈದು ನಿಮಿಷ, ಸಾಹೇಬ್ರು ಹೂಂ ಅನ್ನಾಕತ್ಯಾರ, ಇನ್ನೈದು ನಿಮಿಷ ಅಂದ್ಕೊಂಡೆ. ಮಾತು ನಿಲ್ಲಸಲಿಲ್ಲ."

ಪ್ರತೀಕ್ಷಾ ಬರೆದ ಕೊನೆಯ ಹಾಳೆ ನನ್ನ ಮುಂದಿದೆ. ಅಕ್ಷರಗಳು ದುಂಡಗೆ, ಒತ್ತಾಗಿ ಸಾಗಿ, ಕೆಳಗಿನ ನಾಲ್ಕು ಸಾಲುಗಳಲ್ಲಿ ಗೆರೆ ಬಿಟ್ಟು ಜಾರುತ್ತವೆ. ಬೆವರು ನಿಂತಿದ್ದನ್ನು ಕಂಡು ತಾಯಿಗೆ ತಂಪಾಗಿದೆ ಎಂದುಕೊಂಡೆನು ಎಂಬ ಹುಲಿಗೆಮ್ಮನ ಮಾತಿನ ಅರ್ಧಕ್ಕೆ ಬರಹ ನಿಂತಿದೆ. ಪ್ರತೀಕ್ಷಾ ಕುರ್ಚಿಯಿಂದ ಡಾಂಬರಿನ ಮೇಲೆ ಬಿದ್ದಳು. ಎರಡನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಮಳೆಗಾಲದ ಅಧಿವೇಶನದಲ್ಲಿ ಸಮಿತಿ ಮಸೂದೆಯನ್ನು ಒಪ್ಪಿ ವರದಿ ಕೊಟ್ಟಿತು. ರುದ್ರಸ್ವಾಮಿಯವರೇ ಅದರ ಪರವಾಗಿ ಮಾತಾಡಿದರು. ಇತರ ಸದಸ್ಯರು ಪ್ರತೀಕ್ಷಾಳನ್ನು ಕರ್ತವ್ಯದಲ್ಲಿ ಪ್ರಾಣ ಕೊಟ್ಟವಳೆಂದು ಕೊಂಡಾಡಿದರು. ಕೊನೆಗೆ ಹುಲಿಗೆಮ್ಮ ಎದ್ದಳು. "ಆಕಿ ಪ್ರಾಣ ಕೊಡಲಿಲ್ಲ. ನಾವು ತಗೊಂಡ್ವಿ," ಎಂದಳು. "ಆಕಿನ್ನ ಬಿಸಿಲಿಗೆ ಕರಕೊಂಡು ಹೋದಾಕಿ ನಾನು. ನಮ್ಮವ್ವಗ ಮೇಸ್ತ್ರಿ ಏನು ಮಾಡಿದ್ನೋ ಆಕಿಗೆ ನಾ ಅದನ್ನ ಮಾಡೀನಿ. ಕಾನೂನು ಆದ್ರ ಮೊದಲ ನನ್ನ ಮ್ಯಾಲ ಹಾಕ್ರಿ." ಮಸೂದೆ ಹನ್ನೊಂದು ಮತಗಳ ಅಂತರದಿಂದ ಗೆದ್ದಿತು. ಹಿಂದೆ ನಡೆದದ್ದಕ್ಕೆ ಹೊಸ ಕಾನೂನು ಅನ್ವಯಿಸುವುದಿಲ್ಲವೆಂದು ಅವಳ ಮೇಲೆ ಯಾರೂ ಮೊಕದ್ದಮೆ ಹೂಡಲಿಲ್ಲ. ಅವಳು ಅದೇ ದಿನ ಸ್ಥಾನ ಬಿಟ್ಟು ಅಮ್ಮಿನಹಾಳಕ್ಕೆ ಬಂದಳು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಉಳಿದ ಆಯುಷ್ಯವನ್ನೆಲ್ಲ ನೆರಳುಮನೆಗಳನ್ನು ಕಟ್ಟಿಸುತ್ತ, ಕಾನೂನು ಮುರಿಯುವ ಗುತ್ತಿಗೆದಾರರ ಬೆನ್ನು ಹತ್ತುತ್ತ ಕಳೆದಳು. ಹನುಮೇಶ ಜೀಪು ಓಡಿಸುತ್ತಿದ್ದ.

ಪ್ರತಿವರ್ಷ ಮೇ ಹದಿನಾಲ್ಕರಂದು ಮಾತ್ರ ಅವಳು ಹುಬ್ಬಳ್ಳಿಗೆ ಹೋಗುತ್ತಿದ್ದಳು. ಪ್ರತೀಕ್ಷಾಳ ತಾಯಿ ಕಸ್ತೂರಿ ಒಬ್ಬರೇ ಇದ್ದ ಮನೆಯ ಎದುರು, ಮಧ್ಯಾಹ್ನ ಒಂದೂವರೆಗೆ, ಬರಿತಲೆಯಲ್ಲಿ ನಿಲ್ಲುತ್ತಿದ್ದಳು. ಬಾಗಿಲು ತೆರೆಯುತ್ತಿರಲಿಲ್ಲ. ಒಂದು ತಾಸು ನಿಂತು ಹಿಂದಿರುಗುತ್ತಿದ್ದಳು. ಹತ್ತು ವರ್ಷ ಹೀಗೇ ನಡೆಯಿತು. ಹನ್ನೊಂದನೆಯ ವರ್ಷ ಕಸ್ತೂರಿ ಬಾಗಿಲು ತೆರೆದು ಹೊಸ್ತಿಲಿಗೆ ಬಂದರು. "ಒಳಗ ಬರ್ರಿ," ಎಂದರು. "ಬಿಸಿಲಾಗ ನಿಂದ್ರಬ್ಯಾಡ್ರಿ."

ಒಳಗೆ ಏನು ಮಾತಾಡಿದಿರಿ ಎಂದು ಅಧ್ಯಾಪಕಿ ಕೇಳುತ್ತಾಳೆ. "ನೀರು ಕೊಟ್ರು. ಮಗಳು ಸಣ್ಣಾಕಿದ್ದಾಗ ಬರದಿದ್ದ ಕಾಪಿ ಪುಸ್ತಕ ತೋರಿಸಿದ್ರು. ಅಕ್ಷರ ಭಾಳ ಚಂದ ಇದ್ವು," ಎನ್ನುತ್ತಾಳೆ ಹುಲಿಗೆಮ್ಮ. ಮುಂದೆ ಕಸ್ತೂರಿ ಇರುವವರೆಗೂ ಹೋಗುತ್ತಿದ್ದಳಂತೆ, ಆದರೆ ಬೆಳಗ್ಗೆಯೇ.

ಹಿರಿಯರೆ, ಇಲ್ಲಿಯವರೆಗೆ ಬರೆದು ನಾನು ಮೂರು ದಿನ ನಿಲ್ಲಿಸಿದ್ದೆ. ನನ್ನ ತಾಯಿಯೂ ರಸ್ತೆ ಕೆಲಸದವಳು. ಎಂಬತ್ತು ವರ್ಷ ಬದುಕಿದಳು. ಆ ಹನ್ನೊಂದು ಮತಗಳು ಬಾರದಿದ್ದರೆ ಅವಳು ಬದುಕುತ್ತಿದ್ದಳೋ ಇಲ್ಲವೋ, ನಾನು ಹುಟ್ಟುತ್ತಿದ್ದೆನೋ ಇಲ್ಲವೋ. ಆ ಹುಡುಗಿ ಬೀಳದಿದ್ದರೆ ಆ ಮತಗಳು ಬರುತ್ತಿದ್ದುವೋ ಇಲ್ಲವೋ. ಈ ಕಾಗದ ನಿಮ್ಮನ್ನು ತಲುಪುವುದೇ ನಿಜವಾದರೆ ಅವಳ ಹೆಸರನ್ನು ಬರೆಯುವುದು ಸರಿಯೇ ಎಂದು ಮೂರು ನೆರಳುಗಂಟೆಗಳ ಕಾಲ ಮಲಗಿ ಮಾಡನ್ನು ನೋಡುತ್ತ ಯೋಚಿಸಿದೆ. ಕೊನೆಗೆ ಎದ್ದು, ಏಳನೆಯ ಮಧ್ಯಾಹ್ನದ ಧ್ವನಿಯನ್ನು ಮತ್ತೊಮ್ಮೆ ಕೇಳಿದೆ. ಅಧ್ಯಾಪಕಿ ತಡವರಿಸುತ್ತ, ಪ್ರತೀಕ್ಷಾ ಉಳಿದು ಕಾನೂನು ಬಾರದೆ ಹೋಗಿದ್ದರೆ ಎಂದು ಕೇಳುತ್ತಾಳೆ. ಹರವಿಯಿಂದ ನೀರು ಬಗ್ಗಿಸುವ ಸದ್ದು ಕೇಳಿಸುತ್ತದೆ. ಆಮೇಲೆ ಮುದುಕಿ ಹೇಳುತ್ತಾಳೆ: "ಕಾನೂನು ಇನ್ನೊಮ್ಮಿ ತರಬಹುದಿತ್ತು."

ಆದ್ದರಿಂದ ಬರೆದಿದ್ದೇನೆ. ನಿಮ್ಮ ಕಾಲದ ಹುಬ್ಬಳ್ಳಿಯಲ್ಲಿ ಕಸ್ತೂರಿ ಎಂಬ ಹೆಣ್ಣುಮಗಳು ಇದ್ದಾಳೆ. ಅವಳ ಮಗಳು ೨೦೨೮ರಲ್ಲಿ ಹುಟ್ಟುತ್ತಾಳೆ. ಬರೆಯುವುದೆಂದರೆ ಆ ಮಗುವಿಗೆ ಬಲು ಇಷ್ಟ. ಅವಳು ಆ ನೌಕರಿಗೆ ಹೋಗದಂತೆ ತಡೆಯಬೇಡಿ, ಅದು ಅವಳು ಆರಿಸಿಕೊಂಡದ್ದು. ನನ್ನ ಕೋರಿಕೆ ಇಷ್ಟೇ. ಇದನ್ನು ಓದಿದವರಲ್ಲಿ ಯಾರಾದರೂ ೨೦೫೬ರ ಮೇ ಹದಿನಾಲ್ಕರವರೆಗೆ ಬದುಕಿದ್ದರೆ, ಆ ಮಧ್ಯಾಹ್ನ ಅಮ್ಮಿನಹಾಳದ ಹೆದ್ದಾರಿಗೆ ಬನ್ನಿ. ಕುರ್ಚಿಗಳ ಸಾಲಿನ ಕೊನೆಯಲ್ಲಿ ಕುಳಿತು ಬರೆಯುತ್ತಿರುವವಳ ತಲೆಯ ಮೇಲೆ ಒಂದು ಛತ್ರಿ ಹಿಡಿದು ನಿಂತುಕೊಳ್ಳಿ. ನಮ್ಮ ಚಿಂತೆ ಮಾಡಬೇಡಿ.

ಇಂತು,
ಮೈಲಾರಿ ಹೊಸಮನಿ
ನೆನಪುಗಾರ್ತಿ, ಅಮ್ಮಿನಹಾಳ